ಮಸಾಯಿ ಮಾರದಲ್ಲಿ ಟೆಂಟ್ ಬುಕ್ ಮಾಡುವುದು ಹೇಗೆ?

ಕೀನ್ಯಾದ ವನ್ಯಜೀವಿ ತಾಣ ಮಸಾಯಿ ಮಾರಕ್ಕೆ ಹೊರಟವರು ಮೊದಲು ಮಾಡುವ ಕೆಲಸ ಕ್ಯಾಂಪ್‌ಗಳ ಫೋಟೊ ನೋಡುವುದು. ಬಿಳಿ ಸೊಳ್ಳೆಪರದೆ ಇಳಿಬಿಟ್ಟ ಮಂಚ, ಮರದ ಜಗಲಿ, ದೂರದಲ್ಲೊಂದು ಜಿರಾಫೆ. ಎಲ್ಲವೂ ಒಂದೇ ಥರ ಕಾಣುತ್ತವೆ. ಫೋಟೊ ನಂಬಿ ಆರಿಸಿದರೆ ಮಂಚವೇನೋ ಚೆನ್ನಾಗಿರುತ್ತದೆ. ಸಫಾರಿಯೂ ಚೆನ್ನಾಗಿರಬೇಕಾದರೆ ನೋಡಬೇಕಾದದ್ದು ಟೆಂಟನ್ನಲ್ಲ, ಅದು ನಿಂತಿರುವ ಜಾಗವನ್ನು. ಅದಕ್ಕೂ ಮೊದಲು ಕ್ಯಾಲೆಂಡರ್.

ತಿಂಗಳು ಗೊತ್ತು ಮಾಡಿಕೊಳ್ಳಿ

ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು (ದನದಂತೆ ಕಾಣುವ ದೊಡ್ಡ ಹುಲ್ಲೆಗಳು) ಹುಲ್ಲು, ನೀರು ಹುಡುಕುತ್ತಾ ವರ್ಷವಿಡೀ ಸುತ್ತುತ್ತವೆ. ಜೊತೆಗೆ ಜೀಬ್ರಾಗಳ ಹಿಂಡೂ ಇರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಅವು ತಾಂಜಾನಿಯಾದಲ್ಲಿ, ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿ ಮರಿ ಹಾಕಿಕೊಂಡಿರುತ್ತವೆ. ಮಾರಕ್ಕೆ ಬರುವುದು ಸುಮಾರು ಜುಲೈಯಿಂದ ಅಕ್ಟೋಬರ್ ನಡುವೆ. ಮೊಸಳೆ ತುಂಬಿದ ಮಾರಾ ನದಿಯನ್ನು ಅವು ದಾಟುವುದನ್ನು ನೋಡಲೇಬೇಕು ಅನ್ನುವವರು ಆಗಲೇ ಹೋಗಬೇಕು. ಆದರೂ ಗ್ಯಾರಂಟಿ ಇಲ್ಲ. ದಡದವರೆಗೂ ಬಂದು, ಗಂಟೆಗಟ್ಟಲೆ ನಿಂತು, ಸುಮ್ನೆ ವಾಪಸ್ ಹೋಗುವುದೂ ಉಂಟು.

ಸಿಂಹ, ಚಿರತೆ, ಚೀತಾ, ಆನೆ ವರ್ಷಪೂರ್ತಿ ಇಲ್ಲೇ ಇರುತ್ತವೆ. ನದಿ ದಾಟುವ ದೃಶ್ಯದ ಹಟ ಇಲ್ಲದವರಿಗೆ ಜನವರಿ, ಫೆಬ್ರವರಿಯೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಜನಸಂದಣಿ ಕಡಿಮೆ, ಖರ್ಚೂ ಕಡಿಮೆ. ನಮ್ಮ ಮಕ್ಕಳ ಬೇಸಿಗೆ ರಜೆ ಮಾತ್ರ ಅಲ್ಲಿನ ದೊಡ್ಡ ಮಳೆಗಾಲಕ್ಕೆ ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಕ್ಯಾಂಪ್‌ಗಳು ಬಾಗಿಲು ಹಾಕಿರುತ್ತವೆ. ಮಾರದಲ್ಲಿ ಎರೆಮಣ್ಣು ಜಾಸ್ತಿ. ಮಳೆಯಲ್ಲಿ ಅದು ಗಾಡಿಗಳನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂದು ವಿಜಯಪುರ, ಗದಗದ ಕಡೆಯವರಿಗೆ ಹೇಳಬೇಕಿಲ್ಲ.

ಗೇಟಿನ ಯಾವ ಕಡೆ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಸ್ವಲ್ಪ ನಿಧಾನವಾಗಿ ಓದಿ.

ಮಸಾಯಿ ಮಾರ ರಾಷ್ಟ್ರೀಯ ಮೀಸಲು ಪ್ರದೇಶ ಸುಮಾರು 1,510 ಚದರ ಕಿಲೋಮೀಟರ್. ನೋಡಿಕೊಳ್ಳುವುದು ನರೋಕ್ ಕೌಂಟಿಯ ಸ್ಥಳೀಯ ಸರ್ಕಾರ. ನದಿಯ ಪಶ್ಚಿಮಕ್ಕಿರುವ 'ಮಾರಾ ಟ್ರಯಾಂಗಲ್' ಭಾಗವನ್ನು 2001ರಿಂದ ಬೇರೊಂದು ಲಾಭರಹಿತ ಸಂಸ್ಥೆ ನಿರ್ವಹಿಸುತ್ತಿದೆ. ಮೀಸಲು ಪ್ರದೇಶದ ಉತ್ತರಕ್ಕೆ ಮತ್ತು ಪೂರ್ವಕ್ಕೆ 'ಕನ್ಸರ್ವೆನ್ಸಿ'ಗಳಿವೆ. ಮಾರಾ ನಾರ್ತ್, ಓಲಾರೆ ಮೊತೊರೊಗಿ, ನಬೊಯಿಶೊ ಇವುಗಳಲ್ಲಿ ಕೆಲವು. ಇವು ಸರ್ಕಾರದ ಕಾಡಲ್ಲ, ಮಸಾಯಿ ಬುಡಕಟ್ಟಿನ ಕುಟುಂಬಗಳ ಸ್ವಂತ ಜಮೀನು. ಅವರು ಅದನ್ನು ಗುತ್ತಿಗೆಗೆ ಕೊಟ್ಟು ಕ್ಯಾಂಪ್‌ಗಳಿಂದ ಬಾಡಿಗೆ ಪಡೆಯುತ್ತಾರೆ. ನಡುವೆ ಬೇಲಿ ಇಲ್ಲ. ಸಿಂಹಕ್ಕೆ ಗಡಿಯ ಗೊಡವೆಯೂ ಇಲ್ಲ.

ಹಾಗಾಗಿ ಉಳಿಯಲು ಮೂರು ದಾರಿಗಳಿವೆ. ಮೀಸಲು ಪ್ರದೇಶದ ಒಳಗೇ ಉಳಿದರೆ ಬೆಳಿಗ್ಗೆ ಟೆಂಟಿನಿಂದ ಹೊರಬಿದ್ದ ಕೂಡಲೇ ಸಫಾರಿ ಶುರು. ಸೆಕೆನಾನಿ, ತಾಲೆಕ್ ಗೇಟುಗಳ ಹೊರಗೆ ಅಗ್ಗದ ಕ್ಯಾಂಪ್‌ಗಳು ಸಾಲಾಗಿವೆ. ಬಜೆಟ್ ಬಿಗಿ ಇದ್ದವರಿಗೆ ಅವು ಸರಿ, ಆದರೆ ದಿನಾ ಗೇಟಿನಲ್ಲಿ ಕಾಯಬೇಕು, ಸಂಜೆ ಓಡೋಡಿ ಹೊರಬರಬೇಕು. ಮೂರನೆಯದು ಕನ್ಸರ್ವೆನ್ಸಿ. ದುಬಾರಿ, ನಿಜ. ಆದರೆ ಮೀಸಲು ಪ್ರದೇಶದಲ್ಲಿ ಇಲ್ಲದ ರಾತ್ರಿ ಸಫಾರಿ, ಗೈಡ್ ಜೊತೆ ಕಾಲ್ನಡಿಗೆ, ದಾರಿ ಬಿಟ್ಟು ಗಾಡಿ ಇಳಿಸುವ ಅವಕಾಶ ಇಲ್ಲಿ ಸಿಗುತ್ತದೆ. ಟೆಂಟ್‌ಗಳ ಸಂಖ್ಯೆಗೂ ಮಿತಿ ಇದೆ. ಒಂದು ಚೀತಾ ಸುತ್ತ ಇಪ್ಪತ್ತು ಗಾಡಿ ನಿಲ್ಲುವ ಸಂತೆ ಇಲ್ಲಿರುವುದಿಲ್ಲ.

ಈಗ ದುಡ್ಡಿನ ಲೆಕ್ಕ. 2024ರಿಂದ ಮೀಸಲು ಪ್ರದೇಶದ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಗಂಡ ಹೆಂಡತಿ ಆಗಸ್ಟ್‌ನಲ್ಲಿ ಮೂರು ದಿನ ಓಡಾಡಿದರೆ ಗೇಟಿಗೇ 1,200 ಡಾಲರ್! ಕ್ಯಾಂಪ್ ಬಾಡಿಗೆ ಇದರ ಮೇಲೆ. ಕನ್ಸರ್ವೆನ್ಸಿಗಳಿಗೆ ಅವುಗಳದೇ ಶುಲ್ಕವಿದೆ. ಅಲ್ಲಿದ್ದುಕೊಂಡು ನದಿ ನೋಡಲು ಮೀಸಲು ಪ್ರದೇಶಕ್ಕೆ ಹೋದರೆ ಆ ದಿನಕ್ಕೆ ಪ್ರತ್ಯೇಕ ಟಿಕೆಟ್ ಬೇಕು. ನಾಲ್ಕು ರಾತ್ರಿ ಕನ್ಸರ್ವೆನ್ಸಿಯಲ್ಲಿ ಉಳಿದು, ಒಂದು ದಿನ ಮಾತ್ರ ಒಳಗೆ ಹೋಗಿ ಬರುವುದು ಜಾಣತನ.

ದರದಲ್ಲಿ ಏನೇನು ಸೇರಿದೆ?

ಕಬಿನಿಯ ಜಂಗಲ್ ಲಾಡ್ಜಸ್‌ನಲ್ಲಿ ಉಳಿದವರಿಗೆ ಊಟ, ಸಫಾರಿ ಒಟ್ಟಿಗೇ ಬರುವ ಪ್ಯಾಕೇಜ್ ಅಭ್ಯಾಸ. ಮಾರದಲ್ಲಿ 'ಫುಲ್ ಬೋರ್ಡ್' ಎಂದರೆ ಊಟ, ವಸತಿ ಅಷ್ಟೇ. ಗಾಡಿ, ಗೈಡ್ ಬೇಕೆಂದರೆ 'ಗೇಮ್ ಪ್ಯಾಕೇಜ್' ಎಂದು ಬರೆದಿರಬೇಕು. ಹಾಗಾಗಿ ಇಮೇಲ್‌ನಲ್ಲಿ ಬಿಡಿಸಿ ಕೇಳಿ: ದಿನಕ್ಕೆ ಎಷ್ಟು ಸಫಾರಿ? ಗಾಡಿಯಲ್ಲಿ ನಮ್ಮ ಜೊತೆ ಇನ್ನೆಷ್ಟು ಜನ? ಎಲ್ಲರಿಗೂ ಕಿಟಕಿ ಸೀಟು ಇದೆಯಾ? ಪ್ರವೇಶ ಶುಲ್ಕ ಸೇರಿದೆಯಾ? ಎಷ್ಟು ವಯಸ್ಸಿನ ಮಕ್ಕಳನ್ನು ಸೇರಿಸುತ್ತೀರಿ? ಚಿಕ್ಕ ಮಕ್ಕಳನ್ನು ಬೇಡ ಅನ್ನುವ ಕ್ಯಾಂಪ್‌ಗಳೂ ಇವೆ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ಕೀನ್ಯಾದಲ್ಲಿ ಗುಜರಾತಿಗಳು ತಲೆಮಾರುಗಳಿಂದ ಇದ್ದಾರೆ, ಚಪಾತಿ ಅಲ್ಲಿಯವರದೇ ಊಟವಾಗಿದೆ. ಬೇಳೆ, ಪಲ್ಯ ಕಷ್ಟವಲ್ಲ. ಮೊದಲೇ ತಿಳಿಸದಿದ್ದರೆ ಮಾತ್ರ ಕಾಡಿನ ನಡುವೆ ತರಕಾರಿ ಎಲ್ಲಿಂದ ತರುತ್ತಾರೆ?

ಟೆಂಟ್ ಎಂದರೆ ಎಂಥ ಟೆಂಟ್?

ಲಾಡ್ಜ್‌ಗೆ ಗೋಡೆ ಇರುತ್ತದೆ. ಟೆಂಟೆಡ್ ಕ್ಯಾಂಪ್‌ನಲ್ಲಿ ಗೋಡೆಯ ಬದಲು ಕ್ಯಾನ್ವಾಸ್, ಬಾಗಿಲಿಗೆ ಜಿಪ್. ಉಳಿದಂತೆ ಮಂಚ, ಹಾಸಿಗೆ, ಒಳಗೇ ಬಾತ್‌ರೂಮ್ ಸಾಮಾನ್ಯ. ಕೆಲವು ಕಡೆ ಬಕೆಟ್ ಶವರ್ ಇರುತ್ತದೆ. ಸಿಬ್ಬಂದಿ ಹೊರಗಿನಿಂದ ಬಿಸಿನೀರು ತುಂಬುತ್ತಾರೆ, ಸ್ನಾನದ ಹೊತ್ತನ್ನು ಮೊದಲೇ ಹೇಳಬೇಕು. ಸೋಲಾರ್ ಕರೆಂಟ್ ಇರುವಲ್ಲಿ ಹೇರ್ ಡ್ರೈಯರ್ ನಡೆಯುವುದಿಲ್ಲ. ನಮ್ಮ ದುಂಡು ಪಿನ್ನಿನ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ. ಚೌಕ ಪಿನ್ನಿನ ಬ್ರಿಟಿಷ್ ಅಡಾಪ್ಟರ್ ಒಯ್ಯಿರಿ.

ಹಲವು ಕ್ಯಾಂಪ್‌ಗಳಿಗೆ ಬೇಲಿ ಇಲ್ಲ. ರಾತ್ರಿ ನೀರಾನೆ ಟೆಂಟಿನ ಪಕ್ಕದಲ್ಲೇ ಹುಲ್ಲು ಮೇಯಬಹುದು, ಕತ್ತೆಕಿರುಬ ಕೂಗಬಹುದು. ಕತ್ತಲಾದ ಮೇಲೆ ಒಬ್ಬರೇ ಓಡಾಡುವಂತಿಲ್ಲ. ಊಟಕ್ಕೆ ಹೋಗಬೇಕೆಂದರೆ ಟಾರ್ಚ್ ಬೀಸಿದರೆ ಸಾಕು, 'ಅಸ್ಕಾರಿ' ಎನ್ನುವ ಕಾವಲುಗಾರ ಬಂದು ಕರೆದೊಯ್ಯುತ್ತಾನೆ. ಜಿಪ್ ಪೂರ್ತಿ ಎಳೆದು ಮಲಗಿ, ತಿಂಡಿ ಒಳಗಿಡಬೇಡಿ. ಇದು ನಿಮಗೆ ಭಯ ಎನಿಸಿದರೆ ಬೇಲಿ ಇರುವ ಲಾಡ್ಜ್ ಆರಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಇನ್ನೊಂದು ಮಾತು, ರಾತ್ರಿ ಹಾಸಿಗೆಯೊಳಗೆ ಬೆಚ್ಚಗೆ, ಮೆತ್ತಗೆ ಏನೋ ಕಾಲಿಗೆ ತಾಗಿದರೆ ಕಿರುಚಬೇಡಿ. ಅದು ಬಿಸಿನೀರಿನ ಚೀಲ. ಮಾರ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಬೆಳಗಿನ ಜಾವ ಚಳಿ ಇರುತ್ತದೆ. ಸ್ವೆಟರ್ ಬೇಕೇ ಬೇಕು.

ತಲುಪುವುದು, ಕಾಗದಪತ್ರ

ನೈರೋಬಿಯಿಂದ ನರೋಕ್ ಮೂಲಕ ರಸ್ತೆಯಲ್ಲಿ ಐದಾರು ಗಂಟೆ. ವಿಲ್ಸನ್ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನದಲ್ಲಿ ಒಂದು ಗಂಟೆಯೊಳಗೆ ಹುಲ್ಲುಗಾವಲಿನ ಏರ್‌ಸ್ಟ್ರಿಪ್‌ಗೆ ಇಳಿಯಬಹುದು. ಆದರೆ ಲಗೇಜ್ ಸಾಮಾನ್ಯವಾಗಿ 15 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಬ್ಯಾಗ್‌ನಲ್ಲಿ. ಗಟ್ಟಿ ಸೂಟ್‌ಕೇಸ್ ನೈರೋಬಿಯಲ್ಲೇ ಬಿಡಿ. ಪ್ಲಾಸ್ಟಿಕ್ ಚೀಲಗಳನ್ನು ಕೀನ್ಯಾ 2017ರಲ್ಲೇ ನಿಷೇಧಿಸಿದೆ. ಚಕ್ಲಿ, ಕೋಡುಬಳೆ ಡಬ್ಬಿಯಲ್ಲಿ ಹೋಗಲಿ.

ವೀಸಾ ಬದಲು 2024ರಿಂದ ಆನ್‌ಲೈನ್‌ನಲ್ಲಿ ಇಟಿಎ (ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ) ಪಡೆಯಬೇಕು. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲು, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಕೆಲವು ಕೇಂದ್ರಗಳಲ್ಲಿ ವಾರದ ಗೊತ್ತಾದ ದಿನ ಮಾತ್ರ ಕೊಡುತ್ತಾರೆ, ಕೊನೆಯ ವಾರಕ್ಕೆ ಬಿಡಬೇಡಿ. 60 ದಾಟಿದವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಹಳದಿ ಕಾರ್ಡನ್ನು ಭಾರತಕ್ಕೆ ಮರಳುವಾಗ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇರಲಿ, ಚೆಕ್‌ಇನ್ ಬ್ಯಾಗ್‌ಗೆ ಹಾಕಬೇಡಿ.