ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ: ಕೆಳಗೆ ಜಿಪುಣತನ ಮಾಡಿ

ನಂದಿ ಬೆಟ್ಟದ ಏರು ಬುಡದಿಂದ ತುದಿಗೆ ಏಳೂವರೆ ಕಿಲೋಮೀಟರ್ ಆಸುಪಾಸು. ಅಷ್ಟರೊಳಗೆ 400 ಮೀಟರ್‌ಗಿಂತ ಜಾಸ್ತಿ ಮೇಲೇರಬೇಕು. ಸರಾಸರಿ ನೂರು ಮೀಟರ್‌ಗೆ ಐದಾರು ಮೀಟರ್ ಏರು, ಅಷ್ಟೇ ತಾನೇ ಅನ್ನಿಸುತ್ತದೆ. ಈ ಸರಾಸರಿಯನ್ನು ನಂಬಬೇಡಿ. ಕೆಳಗಡೆ ರಸ್ತೆ ಸಾಧು. ಕೊನೆಯ ಎರಡು ಕಿಲೋಮೀಟರ್‌ನಲ್ಲಿ ತಿರುವಿನ ಮೇಲೆ ತಿರುವು, ಏರೂ ಕಡಿದು. ಭಾನುವಾರ ಅಲ್ಲಿ ಸೈಕಲ್ ತಳ್ಳಿಕೊಂಡು ಹೋಗುವವರಲ್ಲಿ ಹೆಚ್ಚಿನವರು ಕೆಳಗೆ ನನ್ನನ್ನು ಹಿಂದೆ ಹಾಕಿ ಹೋದವರೇ!

ಮೊದಲು ಗೇರ್ ನೋಡಿ. ಪೆಡಲ್ ಪಕ್ಕದ ಸಣ್ಣ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ದೊಡ್ಡದಕ್ಕೆ 32 ಇದ್ದರೆ ನೆಮ್ಮದಿ. ಹಿಂದೆ 28 ಇದ್ದರೂ ಹತ್ತಬಹುದು, ಆದರೆ 50 ವರ್ಷ ದಾಟಿದ ನನ್ನ ಮೊಣಕಾಲಿಗೆ ಅದು ಬೇಡ. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಿಸುವ ಮುಂಚೆ ನಿಮ್ಮ ಡಿರೈಲರ್‌ಗೆ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗಕ್ಕೆ, ಅಷ್ಟು ದೊಡ್ಡ ಹಲ್ಲುಚಕ್ರ ಹೊಂದುತ್ತದಾ ಎಂದು ಅಂಗಡಿಯಲ್ಲಿ ಕೇಳಿ.

ಹೆಬ್ಬಾಳದಿಂದ ಬೆಟ್ಟದ ಬುಡಕ್ಕೆ ಹೆಚ್ಚುಕಡಿಮೆ 45 ಕಿಲೋಮೀಟರ್. ನಾಲ್ಕೂವರೆಗೆಲ್ಲ ಹೊರಡಿ. ಹಿಂದೆ ಕೆಂಪು ಲೈಟ್ ಮಿಣುಕುತ್ತಿರಲಿ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳು ಯಾರಿಗೂ ಕಾಯುವುದಿಲ್ಲ, ಸರ್ವಿಸ್ ರಸ್ತೆ ಸಿಕ್ಕಿದ ಕಡೆ ಅದನ್ನೇ ಹಿಡಿಯಿರಿ. ದೇವನಹಳ್ಳಿ ದಾಟಿ ಒಳಗೆ ತಿರುಗಿದ ಮೇಲೆ ದ್ರಾಕ್ಷಿ ತೋಟಗಳು, ತಣ್ಣನೆ ಗಾಳಿ. ಅಲ್ಲಿ ಖುಷಿಗೆ ಜೋರಾಗಿ ತುಳಿಯಬೇಡಿ. ಬುಡ ಸೇರುವ ಮುಂಚೆ ಒಂದು ಬಾಳೆಹಣ್ಣು, ನಾಲ್ಕು ಗುಟುಕು ನೀರು.

ಏರು ಶುರುವಾಗುವ ಮುಂಚೆಯೇ ಚೈನನ್ನು ಮುಂದಿನ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ. ಏರಿನ ಮಧ್ಯೆ ಒತ್ತಿ ತುಳಿಯುತ್ತಾ ಬದಲಿಸಲು ಹೋದರೆ ಚೈನ್ ಬಿದ್ದೀತು. ಮೊದಲ ನಾಲ್ಕೈದು ಕಿಲೋಮೀಟರ್ ಜಿಪುಣರಾಗಿರಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಉಸಿರು ಇರಬೇಕು. ಇಲ್ಲ ಅಂದರೆ ನೀವು ಜಾಸ್ತಿ ಖರ್ಚು ಮಾಡುತ್ತಿದ್ದೀರಿ ಅಂತ ಅರ್ಥ. ಸೀಟಿನ ಮೇಲೇ ಕೂತು, ಹಿಡಿ ಸಡಿಲ ಬಿಟ್ಟು, ಒಂದೇ ಲಯದಲ್ಲಿ ತುಳಿಯಿರಿ. ಯಾರಾದರೂ ಹಿಂದಿನಿಂದ ಬಂದು ಮುಂದೆ ಹೋದರೆ ಹೋಗಲಿ ಬಿಡಿ.

ಈಗ ತಿರುವುಗಳ ವಿಷಯ. ತಿರುವಿನ ಒಳಅಂಚು ಗಿಡ್ಡ, ಅದಕ್ಕೇ ಕಡಿದು. ಹೊರಅಂಚು ಉದ್ದ, ಅಲ್ಲಿ ಏರು ಕಡಿಮೆ. ನಾವು ಎಡಗಡೆ ಹೋಗುವವರು. ಹಾಗಾಗಿ ಬಲಕ್ಕೆ ತಿರುಗುವ ಕಡೆ ತಾನಾಗಿಯೇ ಹೊರಅಂಚು ಸಿಗುತ್ತದೆ. ಅಲ್ಲಿ ಎರಡು ಉಸಿರು ನಿಧಾನವಾಗಿ ಎಳೆದುಕೊಳ್ಳಿ, ವೇಗ ಹೆಚ್ಚಿಸಲು ಹೋಗಬೇಡಿ. ಎಡಕ್ಕೆ ತಿರುಗುವ ಕಡೆ ಹಿಂದೆ ಗಾಡಿ ಇಲ್ಲ ಅಂತ ನೋಡಿಕೊಂಡು ಅಂಚಿನಿಂದ ಸ್ವಲ್ಪ ಈಚೆಗೆ ಬನ್ನಿ, ಆದರೆ ನಡುಗೆರೆ ದಾಟಬೇಡಿ. ತೀರಾ ಕಡಿದಾದಲ್ಲಿ ಎದ್ದು ನಿಂತು ಹತ್ತಿಪ್ಪತ್ತು ಸಲ ತುಳಿದು ಮತ್ತೆ ಕೂತುಕೊಳ್ಳಿ.

ಮೇಲೆ, 1,478 ಮೀಟರ್ ಎತ್ತರದಲ್ಲಿ, ಕೋತಿಗಳಿವೆ. ಜೇಬಲ್ಲಿ ಬಾಳೆಹಣ್ಣು ಕಾಣುವಂತಿದ್ದರೆ ಅದು ನಿಮ್ಮದಲ್ಲ. ಫೋಟೊ ತೆಗೆದು ಬೇಗ ಇಳಿಯಿರಿ, ಬೆವರು ಆರಿದರೆ ಚಳಿ ಹಿಡಿಯುತ್ತದೆ. ಜಾಕೆಟ್ ಇಲ್ಲದಿದ್ದರೆ ನಿನ್ನೆಯ ಪೇಪರ್ ಮಡಚಿ ಜರ್ಸಿಯೊಳಗೆ ಎದೆಗೆ ಇಟ್ಟುಕೊಳ್ಳಿ, ಗಾಳಿ ಚೆನ್ನಾಗಿ ತಡೆಯುತ್ತದೆ.

ನನಗೆ ಹತ್ತುವುದಕ್ಕಿಂತ ಇಳಿಯುವುದೇ ಭಯ. ಮಂಜಿಗೆ ರಸ್ತೆ ಒದ್ದೆ, ತಿರುವಲ್ಲಿ ಮರಳು, ಎದುರಿಗೆ ಸೆಲ್ಫಿ ಹುಮ್ಮಸ್ಸಿನಲ್ಲಿ ಬೈಕ್‌ಗಳು. ಬ್ರೇಕ್ ಕೆಲಸ ತಿರುವಿಗೆ ಮುಂಚೆ ಮುಗಿಯಬೇಕು, ತಿರುವಿನೊಳಗಲ್ಲ. ಎರಡೂ ಬ್ರೇಕ್ ಒತ್ತಿ ಬಿಡಿ, ಒತ್ತಿ ಬಿಡಿ. ಹಿಡಿದೇ ಇದ್ದರೆ ರಿಮ್ ಬಿಸಿಯಾಗುತ್ತದೆ. ತಿರುವಿನ ಹೊರಗಡೆಯ ಪೆಡಲ್ ಕೆಳಗಿರಲಿ, ಭಾರ ಅದರ ಮೇಲೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ರಸ್ತೆ ಹೊರಬರುವ ಕಡೆ.

ಇಡ್ಲಿ ವಡೆಯನ್ನು ಹೆದ್ದಾರಿ ಸೇರಿದ ಮೇಲೆ ತಿನ್ನಿ. ಬೆಂಗಳೂರು ಇನ್ನೂ ದೂರ ಇದೆ, ಒಂಬತ್ತರ ಮೇಲೆ ಬಿಸಿಲು ಸುಮ್ನೆ ಬಿಡುವುದಿಲ್ಲ. ಎರಡು ಬಾಟಲಿ ನೀರು ತುಂಬಿಸಿಕೊಂಡೇ ಹೊರಡಿ.