ಗೇರ್ ಅಂಕಿ ಬೇಕಾ, ಕ್ಯಾಡೆನ್ಸ್ ಬೇಕಾ? ಸೈಕಲ್ ಕಂಪ್ಯೂಟರ್ ಆರಿಸುವುದು ಹೀಗೆ

ನಮ್ಮ ಓಣಿಯ ಹುಡುಗನೊಬ್ಬ ಹೋದ ತಿಂಗಳು ಸೈಕಲ್ ಕಂಪ್ಯೂಟರ್ ತರಿಸಿದ. ಡಬ್ಬಿಯ ಮೇಲಿನ ಚಿತ್ರದಲ್ಲಿ ವೇಗ ಇತ್ತು, ದೂರ ಇತ್ತು. ಅದರ ಕೆಳಗೆ ಯಾವ ಗೇರ್‌ನಲ್ಲಿದ್ದೀರಿ ಎಂದು ತೋರಿಸುವ ಹಲ್ಲುಗಳ ಪುಟ್ಟ ಸಾಲು. ಅದನ್ನು ನೋಡಿಯೇ ಮರುಳಾಗಿದ್ದ. ಸೈಕಲ್‌ಗೆ ಕಟ್ಟಿಕೊಂಡು ಗೋಳಗುಮ್ಮಟದವರೆಗೆ ಒಂದು ಸುತ್ತು ಹೋಗಿ ಬಂದ. ಬಂದವನ ಮುಖ ಸಪ್ಪೆ.

"ಕಾಕಾ, ಇದರಾಗ ಗೇರ್ ಕಾಣವಲ್ದು. ಬರೀ ಎರಡು ಗೆರಿ ಬರ್ತಾವ."

"ತಮ್ಮಾ, ನಿನ್ನ ಸೈಕಲ್ಲಿನ ಗೇರ್ ಕೇಬಲ್ಲಿಂದು ಹೌದಲ್ಲೋ?"

"ಹೌದು."

"ಕೇಬಲ್ ಮಾತಾಡಂಗಿಲ್ಲೋ."

ವಿಜಯಪುರ, ಬಾಗಲಕೋಟೆ ಕಡೆ ರೇಸ್ ಸೈಕಲ್ ಹೊಸದೇನಲ್ಲ. ಬೆಳಗಿನ ಜಾವ ಹೆದ್ದಾರಿಗೆ ಹೋದರೆ ಪ್ರಾಕ್ಟೀಸ್ ಮಾಡುವ ಹುಡುಗ ಹುಡುಗಿಯರ ಸಾಲು ಸಿಗುತ್ತದೆ. ಈಗ ಆಫೀಸಿನವರು, ಮೇಷ್ಟ್ರು, ಡಾಕ್ಟರುಗಳೂ ರೋಡ್ ಬೈಕ್ ಹತ್ತಿದ್ದಾರೆ. ಸೈಕಲ್ ಆರಿಸುವಾಗ ಹತ್ತು ಜನರನ್ನು ಕೇಳುತ್ತಾರೆ. ಕಂಪ್ಯೂಟರ್ ಮಾತ್ರ ಡಬ್ಬಿಯ ಚಿತ್ರ ನೋಡಿ ಕೊಳ್ಳುತ್ತಾರೆ.

ಮೊದಲು ನಿಮ್ಮ ಗೇರ್ ಯಾವುದು ನೋಡಿ

ಪರದೆಯ ಮೇಲೆ ಗೇರ್ ಅಂಕಿ ತಾನಾಗಿ ಬರಬೇಕೆಂದರೆ ಗೇರ್ ವಿದ್ಯುತ್ತಿನದ್ದಾಗಿರಬೇಕು. ಗೇರ್ ಕಂಪನಿ ಶಿಮಾನೊ 2009ರಲ್ಲಿ ಡ್ಯುರಾ-ಏಸ್ ಡಿಐ2 ಎಂಬ ವಿದ್ಯುತ್ ಗೇರ್ ತಂದಿತು. ಸ್ರಾಮ್ 2015ರಲ್ಲಿ ತಂತಿಯೇ ಇಲ್ಲದ ಇಟ್ಯಾಪ್ ತೋರಿಸಿತು. ಇಂಥ ಗೇರ್‌ಗಳು ಮುಂದೆ ಎಷ್ಟನೇ ಚಕ್ರ, ಹಿಂದೆ ಎಷ್ಟನೇ ಚಕ್ರ ಎಂಬುದನ್ನು ಗಾಳಿಯಲ್ಲೇ ಕಂಪ್ಯೂಟರ್‌ಗೆ ಕಳಿಸುತ್ತವೆ. ಹಳೆಯ ಡಿಐ2 ಆಗಿದ್ದರೆ ಅದಕ್ಕೊಂದು ಸಣ್ಣ ವೈರ್‌ಲೆಸ್ ತುಂಡು ಬೇರೆ ಹಾಕಿಸಬೇಕು. ಕೊಳ್ಳುವ ಮುಂಚೆ ಕೇಳಿಕೊಳ್ಳಿ.

ನಮ್ಮಲ್ಲಿ ಓಡುವ ಹೆಚ್ಚಿನ ಸೈಕಲ್‌ಗಳದ್ದು ಕೇಬಲ್ ಗೇರ್. ಅದು ಯಾವ ಕಂಪ್ಯೂಟರ್‌ಗೂ ಏನನ್ನೂ ಹೇಳುವುದಿಲ್ಲ. ಐವತ್ತು ಸಾವಿರದ ಕಂಪ್ಯೂಟರ್ ಕಟ್ಟಿದರೂ ಅಲ್ಲಿ ಎರಡು ಗೆರೆಯೇ.

ಕೇಬಲ್‌ನವರಿಗೆ ಬೇರೆ ದಾರಿ ಇದೆ. ನೇರ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್‌ಗಳಲ್ಲಿ ಶಿಫ್ಟರ್ ಮೇಲೆಯೇ ಪುಟ್ಟ ಕಿಟಕಿ ಇರುತ್ತದೆ, ಅದರೊಳಗೆ ಒಂದು ಕೆಂಪು ಕಡ್ಡಿ ಆಚೀಚೆ ಸರಿಯುತ್ತದೆ. ಶಿಮಾನೊದ ಹಳೆಯ ಸೋರಾ, ಕ್ಲಾರಿಸ್ ಗೇರ್ ಲಿವರ್‌ಗಳಲ್ಲೂ ಇಂಥದ್ದು ಇತ್ತು. ಕೇಬಲ್‌ನ ನಡುವೆ ಕೂರಿಸುವ ಇಂಡಿಕೇಟರ್‌ಗಳೂ ಇವೆ. ಆದರೆ ಒಂದು ಮಾತು ನೆನಪಿರಲಿ. ಇವೆಲ್ಲ ತೋರಿಸುವುದು ಕೇಬಲ್ ಎಷ್ಟು ಎಳೆದಿದೆ ಎಂಬುದನ್ನು. ಚೈನ್ ನಿಜವಾಗಿ ಎಲ್ಲಿ ಕೂತಿದೆ ಎಂಬುದು ಅವಕ್ಕೆ ಗೊತ್ತಿಲ್ಲ. ಕೇಬಲ್ ಸಡಿಲವಾಗಿದ್ದರೆ ಕಿಟಕಿಯಲ್ಲಿ ನಾಲ್ಕು, ಕೆಳಗೆ ಚೈನ್ ಇನ್ನೂ ಮೂರಕ್ಕೂ ನಾಲ್ಕಕ್ಕೂ ನಡುವೆ ಕಟಕಟ.

ಗೇರ್ ಅಂಕಿ ಯಾತಕ್ಕೆ ಬೇಕು?

ಎರಡೇ ಕಾರಣ. ಒಂದು, ಹಗುರ ಗೇರ್ ಇನ್ನೂ ಉಳಿದಿದೆಯೋ ಮುಗಿಯಿತೋ ಎಂದು ತಿಳಿಯುವುದು. ಇನ್ನೊಂದು, ಚೈನ್ ಓರೆಯಾಗದಂತೆ ನೋಡಿಕೊಳ್ಳುವುದು. ಮುಂದೆ ದೊಡ್ಡ ಚಕ್ರ, ಹಿಂದೆಯೂ ದೊಡ್ಡದು. ಇಲ್ಲವೇ ಎರಡೂ ಚಿಕ್ಕದು. ಹೀಗೆ ಓಡಿಸಿದರೆ ಚೈನ್ ಅಡ್ಡಡ್ಡ ಎಳೆದುಕೊಂಡು ಬೇಗ ಸವೆಯುತ್ತದೆ. ಅದರ ಸದ್ದು ಕಿವಿಗೇ ಗೊತ್ತಾಗುತ್ತದೆ ಅಲ್ವಾ?

ಅಂಕಿಯನ್ನು ನಂಬಿ ಲೆಕ್ಕ ಹಾಕಿದರೆ ಮೋಸವೂ ಆಗಬಹುದು. ಮುಂದೆ 50 ಮತ್ತು 34 ಹಲ್ಲು, ಹಿಂದೆ 11ರಿಂದ 28 ಹಲ್ಲು ಇರುವ ಸೈಕಲ್ ತೆಗೆದುಕೊಳ್ಳಿ. 50ನ್ನು 19ರಿಂದ ಭಾಗಿಸಿದರೆ 2.63. 34ನ್ನು 13ರಿಂದ ಭಾಗಿಸಿದರೆ 2.62. ಪರದೆಯ ಮೇಲೆ ಎರಡೂ ಬೇರೆ ಬೇರೆ ಗೇರ್. ಕಾಲಿಗೆ ಎರಡೂ ಒಂದೇ! "22 ಗೇರ್ ಸೈಕಲ್" ಅಂತ ಅಂಗಡಿಯಲ್ಲಿ ಹೇಳುವಾಗ ಇದನ್ನು ಯಾರೂ ಹೇಳುವುದಿಲ್ಲ.

ಹಾಗಾಗಿ ಕೇಬಲ್ ಗೇರ್ ಇರುವವರು ಇಂಡಿಕೇಟರ್ ಹುಡುಕಿ ಅಲೆಯಬೇಡಿ. ಆ ದುಡ್ಡಿಗೆ ಪೆಡಲ್ ಸುತ್ತು ಎಣಿಸುವ ಕ್ಯಾಡೆನ್ಸ್ ಸೆನ್ಸರ್ ಕೊಳ್ಳಿ.

ಗಾಳಿ ಊರಲ್ಲಿ ವೇಗ ಸುಳ್ಳು ಹೇಳುತ್ತದೆ

ಕ್ಯಾಡೆನ್ಸ್ ಅಂದರೆ ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ತಿರುಗಿತು ಎಂಬ ಎಣಿಕೆ. ಪಳಗಿದ ರೋಡ್ ಸವಾರರು ಸಾಮಾನ್ಯವಾಗಿ 80ರಿಂದ 90ರ ಆಸುಪಾಸು ಇಟ್ಟುಕೊಳ್ಳುತ್ತಾರೆ.

ಮಲೆನಾಡಿನವರಿಗೆ ಏರು ಇದೆ. ನಮಗೆ ಗಾಳಿ ಇದೆ. ಆಷಾಢದಲ್ಲಿ ವಿಜಯಪುರದಿಂದ ತಿಕೋಟಾ ಕಡೆ ಹೊರಡಿ. ಪಶ್ಚಿಮದ ಗಾಳಿ ನೇರ ಎದೆಗೆ. ರಸ್ತೆ ಸಪಾಟು, ಮರ ಕಡಿಮೆ, ಎರಡೂ ಕಡೆ ಬಟಾಬಯಲು. ಹಲ್ಲು ಕಚ್ಚಿ ತುಳಿದರೂ ಮೀಟರ್ 20 ದಾಟುವುದಿಲ್ಲ. ವಾಪಸ್ ಬರುವಾಗ ಸುಮ್ನೆ ಕಾಲಾಡಿಸಿದರೂ 35. ಹೋಗುವಾಗ ನೀವು ಸೋತಿರಲಿಲ್ಲ, ಬರುವಾಗ ಹುಲಿಯೂ ಆಗಿರಲಿಲ್ಲ. ಎರಡೂ ಗಾಳಿಯ ಆಟ.

ಹೊಸಬರು ಮಾಡುವ ತಪ್ಪು ಇಲ್ಲೇ. ಎದುರು ಗಾಳಿಯಲ್ಲೂ 28 ಬೇಕು ಎಂದು ಹಟ ಹಿಡಿದು ಭಾರದ ಗೇರ್‌ನಲ್ಲಿ ಅರವತ್ತು ಸುತ್ತು ತುಳಿಯುತ್ತಾರೆ. ತಿಕೋಟಾ ಮುಟ್ಟುವಷ್ಟರಲ್ಲಿ ಮೊಣಕಾಲು ಕೂಗುತ್ತದೆ. ಕ್ಯಾಡೆನ್ಸ್ ಕಣ್ಣೆದುರಿಗಿದ್ದರೆ ಲೆಕ್ಕ ಸುಲಭ. 75ಕ್ಕೆ ಇಳಿಯಿತಾ, ಗೇರ್ ಹಗುರ ಮಾಡಿ. 100 ದಾಟಿತಾ, ಒಂದು ಗೇರ್ ಭಾರ ಮಾಡಿ. ಎಷ್ಟನೇ ಗೇರ್ ಎಂಬುದು ತಿಳಿಯದಿದ್ದರೂ ನಡೆಯುತ್ತದೆ.

ಅಷ್ಟಕ್ಕೂ ವೇಗ, ಕ್ಯಾಡೆನ್ಸ್ ಎರಡೂ ಸಿಕ್ಕರೆ ಗೇರ್ ಲೆಕ್ಕದಿಂದಲೇ ಹೊರಬರುತ್ತದೆ. ಮುಂದೆ 50, ಹಿಂದೆ 17 ಹಲ್ಲಿದ್ದರೆ ಒಂದು ಪೆಡಲ್ ಸುತ್ತಿಗೆ ಗಾಲಿ 2.94 ಸುತ್ತು ತಿರುಗುತ್ತದೆ. 25 ಮಿ.ಮೀ. ಅಗಲದ ಟೈರ್ ಒಂದು ಸುತ್ತಿಗೆ ಸುಮಾರು 2.105 ಮೀಟರ್ ಹೋಗುತ್ತದೆ. ಅಂದರೆ ಪೆಡಲ್‌ನ ಒಂದು ಸುತ್ತಿಗೆ 6.19 ಮೀಟರ್. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 33 ಕಿ.ಮೀ. ಚಿಲ್ಲರೆ. ಇದನ್ನೇ ತಿರುಗಾಮುರುಗಾ ಮಾಡಿ ಗೇರ್ ಅಂದಾಜು ತೋರಿಸುವ ಸೌಲಭ್ಯವನ್ನು ಕೆಲವು ಕಂಪ್ಯೂಟರ್‌ಗಳಿಗೆ ಹಾಕಿಕೊಳ್ಳಬಹುದು. ಪೆಡಲ್ ನಿಲ್ಲಿಸಿದ ಕೂಡಲೇ ಅದು ಖಾಲಿ. ಆಟಕ್ಕೆ ಚೆನ್ನಾಗಿದೆ, ಅಷ್ಟೇ.

ಯಾವ ಕಂಪ್ಯೂಟರ್?

ಮೂರು ಥರ. ತಂತಿಯ ಮೀಟರ್ ಎಲ್ಲಕ್ಕಿಂತ ಅಗ್ಗ. ಗಾಲಿಯ ಕಡ್ಡಿಗೆ ಅಯಸ್ಕಾಂತ, ಫೋರ್ಕ್‌ಗೆ ಸೆನ್ಸರ್, ಅಲ್ಲಿಂದ ಹ್ಯಾಂಡಲ್‌ಗೆ ವೈರ್. ಬಟನ್ ಸೆಲ್ ಹಾಕಿದರೆ ತಿಂಗಳುಗಟ್ಟಲೆ ನಡೆಯುತ್ತದೆ. ದಿನಾ ಇಪ್ಪತ್ತು ಕಿ.ಮೀ. ಹೋಗಿಬರುವವರಿಗೆ ಇದು ಸಾಕು, ನಾಚಿಕೆ ಬೇಡ. ನನ್ನ ಮೊದಲ ಮೀಟರ್ ಇಂಥದ್ದೇ. ಮಳೆ ಬಿದ್ದ ಮಾರನೇ ದಿನ ಒಮ್ಮೆ ಹೊಲದ ದಾರಿಗೆ ಇಳಿಸಿದ್ದೆ. ಎರೆ ಮಣ್ಣು ಗಾಲಿಗೆ ರೊಟ್ಟಿಯ ಹಾಗೆ ಮೆತ್ತಿಕೊಂಡು ಅಯಸ್ಕಾಂತವನ್ನು ಕಡ್ಡಿಯ ಮೇಲೆ ಒಂದು ಬೆರಳಷ್ಟು ಸರಿಸಿತು. ಮನೆಗೆ ಬರುವವರೆಗೂ ವೇಗ ಸೊನ್ನೆ.

ಎರಡನೆಯದು ಅದೇ ಮೀಟರ್, ವೈರ್ ಇಲ್ಲದ್ದು. ಇದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ.

ಮೂರನೆಯದು ಜಿಪಿಎಸ್. ಗಾರ್ಮಿನ್, ವಾಹೂ, ಬ್ರೈಟನ್, ಐಜಿಪಿಸ್ಪೋರ್ಟ್ ಹೀಗೆ ಹಲವು. ಇದಕ್ಕೆ ಗಾಲಿಯ ಸೆನ್ಸರ್ ಕಡ್ಡಾಯವಲ್ಲ, ಉಪಗ್ರಹದಿಂದಲೇ ವೇಗ, ದೂರ. ನಮ್ಮ ಕಡೆ ಆಕಾಶ ತೆರೆದೇ ಇರುವುದರಿಂದ ಚೆನ್ನಾಗಿ ಹಿಡಿಯುತ್ತದೆ. ಆದರೆ ವೆಲೋಡ್ರೋಮ್ ಎಂಬ ಸೈಕಲ್ ಟ್ರ್ಯಾಕ್‌ನಲ್ಲಿ ಸುತ್ತುವವರು, ಮನೆಯೊಳಗೆ ಸೈಕಲ್ ನಿಂತಲ್ಲೇ ತುಳಿಯುವ ಟ್ರೇನರ್ ಬಳಸುವವರು ಜಿಪಿಎಸ್ ಒಂದನ್ನೇ ನಂಬಬೇಡಿ. ಟ್ರ್ಯಾಕ್‌ನ ತಿರುವುಗಳನ್ನು ಅದು ಅಡ್ಡ ಕತ್ತರಿಸುತ್ತದೆ. ಮನೆಯಲ್ಲಂತೂ ನೀವು ನಿಂತೇ ಇದ್ದೀರಿ! ಅಲ್ಲಿ ಗಾಲಿಯ ನಡುವಿನ ಹಬ್‌ಗೆ ಕಟ್ಟುವ ಸ್ಪೀಡ್ ಸೆನ್ಸರ್ ಬೇಕು.

ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ. ಸೆನ್ಸರ್ ಜೊತೆ ತಂತಿಯಿಲ್ಲದೆ ಮಾತಾಡುವ ಆ್ಯಂಟ್ ಪ್ಲಸ್ ಮತ್ತು ಬ್ಲೂಟೂತ್ ಎರಡೂ ಇದೆಯಾ? ಎರಡೂ ಇದ್ದರೆ ಮುಂದೆ ತರುವ ಹೆಚ್ಚಿನ ಸೆನ್ಸರ್‌ಗಳು ಒಗ್ಗುತ್ತವೆ. ಬಿಸಿಲಲ್ಲಿ ಪರದೆ ಕಾಣುತ್ತದಾ? ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಹೊರಗೆ ರಸ್ತೆಗೆ ತಂದು ನೋಡಿ. ಬೆಳಕು ಬಿದ್ದಷ್ಟೂ ಸ್ಪಷ್ಟವಾಗುವ ಪರದೆ ಒಳ್ಳೆಯದು, ಮೊಬೈಲ್‌ನಂಥ ಹೊಳಪಿನದ್ದು ಬೇಡ. ನೀರು ತಡೆಯುತ್ತದಾ? ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯಬೇಕು ಎಂದರ್ಥ, ಮಳೆಗೆ ಧಾರಾಳ.

ನಾಲ್ಕನೆಯದು ಬ್ಯಾಟರಿ. ಬ್ರೆವೆ ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ. 200 ಕಿ.ಮೀ. ಬ್ರೆವೆಗೆ ಹದಿಮೂರೂವರೆ ಗಂಟೆ ಸಮಯ, 300ಕ್ಕೆ 20 ಗಂಟೆ. ಡಬ್ಬಿಯ ಮೇಲೆ 15 ಗಂಟೆ ಎಂದಿದ್ದರೆ ನಕ್ಷೆ, ಸೆನ್ಸರ್, ಪರದೆಯ ಲೈಟ್ ಹಾಕಿದಾಗ ಅಷ್ಟು ಬರುವುದಿಲ್ಲ. ಓಡುತ್ತಿರುವಾಗಲೇ ಪವರ್ ಬ್ಯಾಂಕ್‌ನಿಂದ ಚಾರ್ಜ್ ಆಗುತ್ತದಾ ಎಂದೂ ಕೇಳಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ಸೈಕಲ್ ನಿಲ್ಲಿಸಿ ಚಹಾ ಕುಡಿಯಲು ಹೋದರೆ ಕಂಪ್ಯೂಟರ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಕಾವು ಜಾಸ್ತಿಯಾದರೆ ಕಪ್ಪು-ಬಿಳುಪು ಪರದೆ ಪೂರ್ತಿ ಕಪ್ಪಾಗುತ್ತದೆ, ಬ್ಯಾಟರಿಗೂ ಒಳ್ಳೆಯದಲ್ಲ.

ನಕ್ಷೆ ಬೇಕಾ ಎಂದರೆ, ಗೊತ್ತಿರುವ ಊರುಗಳ ನಡುವೆ ಓಡಾಡುವವರಿಗೆ ಬೇಡ.

ಕಟ್ಟುವುದು, ಅಳೆಯುವುದು

ಕಂಪ್ಯೂಟರ್ ಹ್ಯಾಂಡಲ್‌ನ ಮುಂದೆ ಚಾಚಿಕೊಂಡಿರಲಿ, ಕತ್ತು ಬಗ್ಗಿಸದೆ ಕಾಣಬೇಕು. ರಬ್ಬರ್ ಬ್ಯಾಂಡಿನ ಮೌಂಟ್ ನಮ್ಮ ಬಿಸಿಲಿಗೆ ತಾಳುವುದಿಲ್ಲ. ನನ್ನದು ಎರಡು ಬೇಸಿಗೆಯಲ್ಲಿ ಹಪ್ಪಳದ ಹಾಗಾಗಿ, ಒಂದು ರೋಡ್ ಹಂಪ್ ಮೇಲೆ ಕಂಪ್ಯೂಟರ್ ಹಾರಿ ಬಿತ್ತು. ಹಿಂದೆಯೇ ಕಬ್ಬಿನ ಟ್ರ್ಯಾಕ್ಟರ್. ಮುಂದಿನದು ಹೇಳುವುದು ಬೇಡ. ಈಗ ಸ್ಕ್ರೂ ಬಿಗಿಯುವ ಮೌಂಟ್ ಹಾಕಿದ್ದೇನೆ, ಜೊತೆಗೊಂದು ದಾರ.

ಕ್ಯಾಡೆನ್ಸ್ ಸೆನ್ಸರನ್ನು ಎಡಗಡೆ ಪೆಡಲ್ ಕೂರುವ ಕ್ರ್ಯಾಂಕ್‌ನ ಒಳಮೈಗೆ ಕಟ್ಟಿ. ಪೆಡಲ್ ಕೈಯಲ್ಲಿ ಹಿಂದಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಫ್ರೇಮ್‌ಗೆ ತಾಗಬಾರದು. ಸೆನ್ಸರನ್ನು ಕಂಪ್ಯೂಟರ್‌ಗೆ ಜೋಡಿಸುವ ಕೆಲಸ ಮನೆಯಲ್ಲೇ ಮುಗಿಸಿ. ಗುಂಪಿನ ನಡುವೆ ನಿಂತು ಹುಡುಕಿದರೆ ಪಕ್ಕದವರ ಕಾಲಿನ ಎಣಿಕೆ ನಿಮ್ಮ ಪರದೆಗೆ ಬರುತ್ತದೆ. ಸೆನ್ಸರ್ ಸಿಗದಿದ್ದರೆ ಮೊಬೈಲ್‌ನ ಬ್ಲೂಟೂತ್ ಆಫ್ ಮಾಡಿ, ಎಷ್ಟೋ ಸಲ ಫೋನೇ ಅದನ್ನು ಹಿಡಿದುಕೊಂಡು ಕೂತಿರುತ್ತದೆ.

ಗಾಲಿಯಿಂದ ವೇಗ ಅಳೆಯುವ ಮೀಟರ್ ಆದರೆ ಗಾಲಿಯ ಸುತ್ತಳತೆ ತುಂಬಬೇಕು. ಪಟ್ಟಿಯ ಪ್ರಕಾರ 700–23 ಟೈರ್‌ಗೆ 2096 ಮಿ.ಮೀ., 25ಕ್ಕೆ 2105, 28ಕ್ಕೆ 2136. ಇನ್ನೂ ಸರಿಯಾಗಿ ಬೇಕೆಂದರೆ ನಾವು ಮಾಡಿದ ಹಾಗೆ ಮಾಡಿ. ಟೈರ್‌ಗೆ ಗಾಳಿ ಸರಿಯಾಗಿ ತುಂಬಿದೆವು. ವಾಲ್ವ್ ನೆಲಕ್ಕೆ ನೇರ ಬಂದ ಕಡೆ ಪಡಸಾಲೆಯ ಫರಸಿ ಮೇಲೆ ಸೀಮೆಸುಣ್ಣದ ಗೆರೆ. ಹುಡುಗ ಸೀಟಿನ ಮೇಲೆ ಕೂತ, ನಾನು ಹಿಡಿದುಕೊಂಡು ತಳ್ಳಿದೆ. ವಾಲ್ವ್ ಮೂರನೇ ಸಲ ಕೆಳಗೆ ಬಂದಾಗ ಇನ್ನೊಂದು ಗೆರೆ. ಬಡಿಗೇರರ ಟೇಪ್ ಹಿಡಿದರೆ 6 ಮೀಟರ್ 30 ಸೆಂ.ಮೀ. ಮೂರರಿಂದ ಭಾಗಿಸಿದರೆ 2100. ಕೂತಾಗ ಟೈರ್ ಸ್ವಲ್ಪ ತಗ್ಗುತ್ತದೆ, ಅದಕ್ಕೇ ಪಟ್ಟಿಗಿಂತ ಕಡಿಮೆ. 2105 ಇರಬೇಕಾದಲ್ಲಿ ಕಣ್ಣಂದಾಜಿಗೆ 2050 ಹಾಕಿದ್ದರೆ ಬಾಗಲಕೋಟೆಯ ಸುಮಾರು 80 ಕಿ.ಮೀ. ದಾರಿಯಲ್ಲಿ ಎರಡು ಕಿ.ಮೀ. ಕಳೆದುಹೋಗುತ್ತದೆ.

ಪರದೆಯ ಮೇಲೆ ಮೂರೇ ಅಂಕಿ ಇಡಿ. ದೊಡ್ಡದಾಗಿ ಕ್ಯಾಡೆನ್ಸ್, ಕೆಳಗೆ ದೂರ, ಸಮಯ. ವೇಗವನ್ನು ಎರಡನೇ ಪುಟಕ್ಕೆ ತಳ್ಳಿ. ಹುಡುಗ ಇದಕ್ಕೆ ಒಪ್ಪಲೇ ಇಲ್ಲ, ವೇಗ ಮೇಲೆಯೇ ಇರಬೇಕಂತೆ. ಇರಲಿ, ಆಷಾಢ ಬರಲಿ.

ಸೆನ್ಸರ್‌ಗಳಲ್ಲಿ ಹೆಚ್ಚಿನವಕ್ಕೆ ಸಿಆರ್2032 ಎಂಬ ಬಟನ್ ಸೆಲ್. ಊರಿನ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಎರಡು ಜಾಸ್ತಿ ತಂದು ಸೀಟಿನ ಕೆಳಗಿನ ಚೀಲದಲ್ಲಿ ಪಂಕ್ಚರ್ ಸಾಮಾನಿನ ಜೊತೆ ಹಾಕಿಡಿ. ಸೆಲ್ ಮುಗಿಯುವುದು ಯಾವಾಗಲೂ ಬೆಳಿಗ್ಗೆ ಐದು ಗಂಟೆಗೆ, ಅಂಗಡಿ ತೆರೆಯುವುದು ಹತ್ತಕ್ಕೆ.