ಮನೆಯ ಗ್ಯಾರೇಜ್‌ನಲ್ಲಿ ಬೈಕ್ ಮಗುಚಿತಾ? ಮೊದಲು ಕೀ ಆಫ್ ಮಾಡಿ, ಎತ್ತುವುದು ಆಮೇಲೆ

ಬೈಕ್ ಬೀಳುವುದಕ್ಕೆ ರಸ್ತೆಯೇ ಬೇಕೆಂದಿಲ್ಲ. ಮನೆಯ ಗ್ಯಾರೇಜ್‌ನಲ್ಲಿ, ಎಂಜಿನ್ ಕೂಡ ಸ್ಟಾರ್ಟ್ ಆಗಿರದ ಹೊತ್ತಿನಲ್ಲಿ, ಸುಮ್ನೆ ಹಿಂದಕ್ಕೆ ತಳ್ಳುವಾಗ ಗಾಡಿ ಮಗುಚಿಬಿಡುತ್ತದೆ. ಸೈಡ್ ಸ್ಟ್ಯಾಂಡ್ ಅರ್ಧಕ್ಕೇ ನಿಂತಿರುತ್ತದೆ. ನೆಲದ ಮೇಲೆ ನಾಲ್ಕು ಹನಿ ಆಯಿಲ್ ಇರುತ್ತದೆ. ಇಲ್ಲವೇ ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಒತ್ತಿರುತ್ತೇವೆ. ಅಷ್ಟು ಸಾಕು.

ನಿಂತಲ್ಲೇ ಬಿದ್ದ ಗಾಡಿಗೆ ಸಾಮಾನ್ಯವಾಗಿ ಜಾಸ್ತಿ ಏನೂ ಆಗುವುದಿಲ್ಲ. ಒಂದು ಲಿವರ್, ಒಂದು ಕನ್ನಡಿ, ಒಂದು ಇಂಡಿಕೇಟರ್ ಹೋಗಬಹುದು. ದೊಡ್ಡ ತೊಂದರೆ ಬರುವುದು ನಮ್ಮ ಅವಸರದಿಂದ. ಗಾಬರಿಯಲ್ಲಿ ಒಂದೇ ಸಲಕ್ಕೆ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳುತ್ತೇವೆ. ಎತ್ತಿದ ರಭಸಕ್ಕೆ ಗಾಡಿಯನ್ನು ಇನ್ನೊಂದು ಮಗ್ಗುಲಿಗೆ ಕೆಡವುತ್ತೇವೆ. ಪೆಟ್ರೋಲ್ ಚೆಲ್ಲಿದ ಜಾಗದಲ್ಲೇ ಸೆಲ್ಫ್ ಒತ್ತುತ್ತೇವೆ. ಬಿದ್ದ ಗಾಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಹಾಗಾಗಿ ಒಂದೊಂದೇ ಕೆಲಸ ಮಾಡೋಣ.

1. ವಾಲಲು ಶುರುವಾದಾಗ

ಬೈಕ್ ನೆಟ್ಟಗೆ ನಿಂತಿರುವಾಗ ಅದರ ಭಾರವನ್ನೆಲ್ಲ ಚಕ್ರಗಳು ಹೊರುತ್ತವೆ. ಒಂದು ಕೈ ಆನಿಸಿದರೆ ಸಾಕು, ನಿಲ್ಲುತ್ತದೆ. ವಾಲಿದಷ್ಟೂ ಆ ಭಾರ ನಮ್ಮ ಕೈಗೆ ಬರುತ್ತದೆ. ಸಣ್ಣ ಬೈಕುಗಳೇ 100 ಕಿಲೋಗಿಂತ ಜಾಸ್ತಿ ತೂಗುತ್ತವೆ. 350 ಸಿಸಿಯ ಕೆಲವು ಗಾಡಿಗಳು 200 ಕಿಲೋ ಹತ್ತಿರ ಇರುತ್ತವೆ. ಸ್ವಲ್ಪ ವಾಲಿದಾಗ ತಡೆಯಬಹುದು. ಕೈಮೀರಿತು ಅನ್ನಿಸಿದ ಮೇಲೆ ಜಗ್ಗಾಡಬೇಡಿ. ಹ್ಯಾಂಡಲ್ ಇನ್ನೂ ಕೈಯಲ್ಲಿದ್ದರೆ ಮಂಡಿ ಬಗ್ಗಿಸಿ, ಆದಷ್ಟು ಮೆಲ್ಲಗೆ ನೆಲಕ್ಕೆ ಇಳಿಸಿ. ಅದೂ ಆಗದಿದ್ದರೆ ಬಿಟ್ಟು, ಕಾಲು ತೆಗೆದು ದೂರ ಸರಿಯಿರಿ.

ಇಕ್ಕಟ್ಟಾದ ಗ್ಯಾರೇಜ್‌ನಲ್ಲಿ ಇನ್ನೊಂದು ಭಯವಿದೆ. ಗಾಡಿಗೂ ಗೋಡೆಗೂ ನಡುವೆ, ಅಥವಾ ಗಾಡಿಗೂ ಕಾರಿಗೂ ನಡುವೆ ನೀವು ಸಿಕ್ಕಿಕೊಳ್ಳಬಹುದು. ಕಾರಿನ ಬಾಗಿಲಿಗೆ ಗೀರು ಬೀಳುತ್ತದೆಂದು ಮೈ ಅಡ್ಡ ಕೊಡಬೇಡಿ. ಬಾಗಿಲಿಗೆ ಪೇಂಟ್ ಹೊಡೆಸಬಹುದು, ಮುರಿದ ಪಾದ ಕೂಡಲು ವಾರಗಟ್ಟಲೆ ಬೇಕು.

2. ಕೀ ಆಫ್, ಬಾಗಿಲು ತೆರೆ

ಕಾಲು ಸಿಕ್ಕಿಕೊಂಡಿದ್ದರೆ ಮನೆಯವರನ್ನು ಕೂಗಿ. ಇಲ್ಲದಿದ್ದರೆ ಮೊದಲು ಕೈ ಹೋಗಬೇಕಾದದ್ದು ಕಿಲ್ ಸ್ವಿಚ್‌ಗೆ (ಹ್ಯಾಂಡಲ್ ಮೇಲಿರುವ, ಎಂಜಿನ್ ನಿಲ್ಲಿಸುವ ಸ್ವಿಚ್), ಆಮೇಲೆ ಕೀಗೆ. ಎಂಜಿನ್ ಓಡುತ್ತಿದ್ದರೆ ಇದು ಇನ್ನೂ ಮುಖ್ಯ. ಗಾಡಿ ಅಡ್ಡ ಬಿದ್ದಾಗ ಎಂಜಿನ್ ಆಯಿಲ್ ಒಂದು ಮಗ್ಗುಲಿಗೆ ಹೋಗಿ ನಿಲ್ಲುತ್ತದೆ. ಆಯಿಲ್ ಪಂಪ್ ಗಾಳಿ ಎಳೆಯತೊಡಗುತ್ತದೆ. ಒಳಗಿನ ಭಾಗಗಳು ಆಯಿಲ್ ಇಲ್ಲದೆ ಒಣದಾಗಿ ಉಜ್ಜುತ್ತವೆ. ಹಳೆಯ ಕಾರ್ಬ್ಯುರೇಟರ್ (ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಗಾಡಿಯಾದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್, ಅಂದರೆ ನಲ್ಲಿ, ಕೂಡ ಮುಚ್ಚಿ. ಎಲೆಕ್ಟ್ರಿಕ್ ಸ್ಕೂಟರ್ ಆದರೆ ಎತ್ತುವಾಗ ಎಕ್ಸಲೇಟರ್ ತಿರುಗಿ ಗಾಡಿ ನುಗ್ಗಬಹುದು, ಅದಕ್ಕೇ ಅಲ್ಲೂ ಮೊದಲು ಪವರ್ ಆಫ್ ಆಗಬೇಕು.

ಈಗ ಮೂಗಿಗೆ ಕೆಲಸ. ಪೆಟ್ರೋಲ್ ವಾಸನೆ ಬರುತ್ತಿದೆಯಾ? ಟ್ಯಾಂಕ್ ಮುಚ್ಚಳದಿಂದಲೋ ಕಾರ್ಬ್ಯುರೇಟರ್‌ನ ಪೈಪಿನಿಂದಲೋ ಸ್ವಲ್ಪ ಸೋರುವುದು ಮಾಮೂಲು. ಆದರೆ ಮುಚ್ಚಿದ ಗ್ಯಾರೇಜ್‌ನಲ್ಲಿ ಆ ಸ್ವಲ್ಪವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಮೈನಸ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕೊರೆವ ಚಳಿಯಲ್ಲೂ ಪೆಟ್ರೋಲ್ ಬೆಂಕಿ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗದೆ ನೆಲದ ಮೇಲೇ ಹರಡಿಕೊಳ್ಳುತ್ತದೆ. ಮೂಲೆಯಲ್ಲಿ ಉರಿಯುತ್ತಿರುವ ಗ್ಯಾಸ್ ಗೀಸರ್‌ವರೆಗೂ ಹೋಗಬಹುದು.

ವಾಸನೆ ಇದ್ದರೆ ಲೈಟ್, ಫ್ಯಾನ್ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಆನ್ ಮಾಡುವಾಗಲೂ ಕಿಡಿ ಹಾರುತ್ತದೆ, ಆಫ್ ಮಾಡುವಾಗಲೂ ಹಾರುತ್ತದೆ. ಮೋಟಾರ್‌ನಿಂದ ತೆರೆಯುವ ಶಟರ್ ಆದರೆ ಕೈಯಿಂದಲೇ ಎತ್ತಿ. ಬಾಗಿಲು, ಕಿಟಕಿ ತೆರೆದಿಟ್ಟು ಮಕ್ಕಳನ್ನು ಆಚೆ ಕಳಿಸಿ. ಪೆಟ್ರೋಲ್ ಧಾರೆಯಾಗಿ ಸುರಿಯುತ್ತಿದ್ದರೆ ಗಾಡಿಯ ಆಸೆ ಬಿಟ್ಟು ನೀವೂ ಹೊರಗೆ ಹೋಗಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ನಾಲ್ಕು ಹನಿ ಚೆಲ್ಲಿದ್ದರೆ ಒಣ ಮರಳು ಹಾಕಿ ಹೀರಿಸಿ. ನೀರು ಸುರಿದು ಚರಂಡಿಗೆ ಬಿಡುವುದು ಬೇಡ. ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಇನ್ನಷ್ಟು ದೂರ ಹೋಗುತ್ತದೆ.

3. ಎತ್ತುವ ಮೊದಲು ಸಿದ್ಧತೆ

ಎರಡು ವಿಷಯ ನೋಡಿಕೊಳ್ಳಿ: ಎತ್ತುವಾಗ ಗಾಡಿ ಉರುಳಬಾರದು, ಎತ್ತಿದ ಮೇಲೆ ಆಚೆ ಬದಿಗೆ ಬೀಳಬಾರದು.

ಬಲಕ್ಕೆ ಬಿದ್ದಿದ್ದರೆ ನಿಮ್ಮ ಅದೃಷ್ಟ. ಸೈಡ್ ಸ್ಟ್ಯಾಂಡ್ ಮತ್ತು ಗೇರ್ ಎರಡೂ ಎಡಗಡೆ ಇರುವುದರಿಂದ ಈಗ ಅವು ಮೇಲೆ ಬಂದಿರುತ್ತವೆ. ಕೈಯಿಂದಲೇ ಒಂದನೇ ಗೇರ್‌ಗೆ ಹಾಕಿ. ಸ್ಟ್ಯಾಂಡ್ ಪೂರ್ತಿ ಬಿಚ್ಚಿಡಿ. ಎತ್ತುವಾಗ ಸ್ವಲ್ಪ ಜಾಸ್ತಿ ತಳ್ಳಿದರೂ ಗಾಡಿ ಸ್ಟ್ಯಾಂಡ್ ಮೇಲೆ ಹೋಗಿ ಕೂರುತ್ತದೆ.

ಎಡಕ್ಕೆ ಬಿದ್ದಿದ್ದರೆ ಸ್ಟ್ಯಾಂಡೂ ಗೇರೂ ಗಾಡಿಯ ಅಡಿಯಲ್ಲಿರುತ್ತವೆ. ಆಗ ಮೇಲಿರುವ ಬಲಗೈ ಬ್ರೇಕ್ ಲಿವರ್ ಅನ್ನು ಒತ್ತಿ ಹಿಡಿದು, ಹಿಡಿಗೆ ಸೇರಿಸಿ ಬಟ್ಟೆಯ ಪಟ್ಟಿಯನ್ನೋ ರಬ್ಬರ್ ಟ್ಯೂಬನ್ನೋ ಬಿಗಿಯಾಗಿ ಸುತ್ತಿ. ಮುಂದಿನ ಚಕ್ರ ಲಾಕ್ ಆಗುತ್ತದೆ. ಜೊತೆಗೆ ಚಕ್ರಕ್ಕೆ ಒಂದು ಕಲ್ಲು ಅಥವಾ ಮರದ ತುಂಡು ಕೊಡಿ. ಸ್ಕೂಟರ್‌ಗೆ ಗೇರ್ ಇಲ್ಲವಾದ್ದರಿಂದ ಎರಡೂ ಕಡೆಗೆ ಇದೇ ಉಪಾಯ.

ಕಾಲಡಿಯ ನೆಲವನ್ನೂ ಒರೆಸಿ. ಆಯಿಲ್ ಮೇಲೆ ನಿಂತು ಭಾರ ಎತ್ತಬಾರದು. ಹವಾಯಿ ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಿ. ಬಾಕ್ಸ್, ಬ್ಯಾಗ್ ಇದ್ದರೆ ತೆಗೆದಿಡಿ. ಸೈಲೆನ್ಸರ್ ಬಿಸಿ ಇದ್ದರೆ ತಣ್ಣಗಾಗಲಿ.

4. ಎತ್ತುವ ಬಗೆ

ಇನ್ನೊಬ್ಬರು ಸಿಗುವಂತಿದ್ದರೆ ಕಾಯಿರಿ. ಒಬ್ಬರು ಹ್ಯಾಂಡಲ್ ಕಡೆ, ಒಬ್ಬರು ಹಿಂದಿನ ಹಿಡಿಯ ಕಡೆ, ಇಬ್ಬರೂ ಒಂದೇ ಮಗ್ಗುಲಲ್ಲಿ ನಿಂತು ಎತ್ತಿದರೆ ಕೆಲಸ ಸಲೀಸು. ಸೊಂಟ ನೋವು, ಹರ್ನಿಯಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಒಬ್ಬರೇ ಎತ್ತಲು ಹೋಗಲೇಬಾರದು.

ಒಬ್ಬರೇ ಎತ್ತಬೇಕಾದರೆ ಗಾಡಿಗೆ ಬೆನ್ನು ಹಾಕಿ ಎತ್ತಬೇಕು. ಬಗ್ಗಿ ಹ್ಯಾಂಡಲ್ ಹಿಡಿದು ಎಳೆದರೆ ಅಷ್ಟೂ ಭಾರ ಬೀಳುವುದು ಸೊಂಟದ ಮೇಲೆ. ಬೆನ್ನು ಹಾಕಿ ಎತ್ತಿದರೆ ತೊಡೆಗಳು ಕೆಲಸ ಮಾಡುತ್ತವೆ, ಮೈಯಲ್ಲಿ ಅವಕ್ಕಿರುವ ಶಕ್ತಿ ತೋಳಿಗಿಲ್ಲ.

ಮೊದಲು ಗಾಡಿ ಬಿದ್ದಿರುವ ಮಗ್ಗುಲಿಗೇ ಹ್ಯಾಂಡಲ್ ಅನ್ನು ಪೂರ್ತಿ ತಿರುಗಿಸಿ. ಎಡಕ್ಕೆ ಬಿದ್ದಿದ್ದರೆ ಎಡಕ್ಕೆ, ಬಲಕ್ಕೆ ಬಿದ್ದಿದ್ದರೆ ಬಲಕ್ಕೆ. ಆಗ ಕೆಳಗಿನ ಹಿಡಿ ಟ್ಯಾಂಕ್ ಹತ್ತಿರ ಬರುತ್ತದೆ. ಈಗ ಗಾಡಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕುಳಿತು, ಕುಂಡೆಯನ್ನು ಸೀಟಿನ ಅಂಚಿಗೆ ಒತ್ತಿ ಆನಿಸಿ. ಒಂದು ಕೈಯಲ್ಲಿ ಕೆಳಗಿನ ಹ್ಯಾಂಡಲ್ ಹಿಡಿ. ಇನ್ನೊಂದು ಕೈಯಲ್ಲಿ ಸೀಟಿನ ಹಿಂದಿನ ಕಬ್ಬಿಣದ ಹಿಡಿ ಅಥವಾ ಫ್ರೇಮ್. ಇಂಡಿಕೇಟರ್, ಮಡ್‌ಗಾರ್ಡ್, ಸೈಡ್ ಪ್ಯಾನೆಲ್ ಹಿಡಿಯಬೇಡಿ, ಕಿತ್ತು ಬರುತ್ತವೆ. ಎರಡೂ ತೋಳು ನೆಟ್ಟಗೆ, ಬೆನ್ನು ನೆಟ್ಟಗೆ, ಕಣ್ಣು ಎದುರಿಗೆ.

ಹಿಮ್ಮಡಿ ನೆಲಕ್ಕೆ ಒತ್ತಿ ಮೆಲ್ಲಗೆ ಹಿಂದಕ್ಕೆ ತಳ್ಳಿ. ಎಗರಿಸಬೇಡಿ. ಗಾಡಿ ನೆಲ ಬಿಡುತ್ತಿದ್ದಂತೆ ಚಿಕ್ಕ ಚಿಕ್ಕ ಹೆಜ್ಜೆ ಹಿಂದಕ್ಕೆ ಇಡುತ್ತಾ ಬನ್ನಿ. ಮೊದಲ ಗೇಣು ಎತ್ತುವುದೇ ಕಷ್ಟ. ಆಮೇಲೆ ಹಗುರವಾಗುತ್ತಾ ಹೋಗುತ್ತದೆ. ಎಷ್ಟು ಹಗುರವೆಂದರೆ, ನೆಟ್ಟಗಾದ ಮೇಲೂ ಅದೇ ಜೋರಿನಲ್ಲಿ ತಳ್ಳಿ ಆಚೆಗೆ ಕೆಡವಿಬಿಡುತ್ತೇವೆ. ಹಾಗಾಗಿ ಅರ್ಧ ದಾಟಿದ ಮೇಲೆ ಬಲ ಕಡಿಮೆ ಮಾಡಿ. ನೆಟ್ಟಗೆ ನಿಂತ ಮೇಲೆ ಸೊಂಟವನ್ನು ಗಾಡಿಗೆ ಆನಿಸಿಕೊಂಡೇ ನಿಧಾನಕ್ಕೆ ತಿರುಗಿ, ಸೈಡ್ ಸ್ಟ್ಯಾಂಡ್ ಹಾಕಿ. ಒಂದು ಸಲಕ್ಕೆ ಆಗದಿದ್ದರೆ ಕೆಳಗಿಳಿಸಿ, ಸುಧಾರಿಸಿಕೊಂಡು, ಯಾರನ್ನಾದರೂ ಕರೆಯಿರಿ. ಸೊಂಟದಲ್ಲಿ ಚಳಕು ಬಂದರೆ ಅಲ್ಲಿಗೆ ನಿಲ್ಲಿಸಿ.

5. ತಕ್ಷಣ ಸ್ಟಾರ್ಟ್ ಮಾಡಬೇಡಿ

ಗಾಡಿ ನಿಂತ ಕೂಡಲೇ ಸೆಲ್ಫ್ ಒತ್ತಿ ನೋಡೋಣ ಅನ್ನಿಸುತ್ತದೆ. ತಡೆದುಕೊಳ್ಳಿ. 10-15 ನಿಮಿಷ ಹಾಗೇ ಬಿಡಿ. ಅತ್ತಿತ್ತ ಹರಿದ ಆಯಿಲ್ ಕೆಳಗಿಳಿಯಲಿ. ಆಮೇಲೆ ಆಯಿಲ್ ಮಟ್ಟ ನೋಡಿ. ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲೆ, ಸಾಧ್ಯವಾದರೆ ಗಾಡಿಯನ್ನು ಹೊರಗೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿ.

ಇಂಜೆಕ್ಷನ್ ಗಾಡಿ (ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಸಿಂಪಡಿಸುವ ವ್ಯವಸ್ಥೆ ಇರುವುದು) ಸ್ಟಾರ್ಟ್ ಆಗದಿದ್ದರೆ ಹೆದರಬೇಡಿ. ಅಂಥ ಹಲವು ಗಾಡಿಗಳಲ್ಲಿ, ವಾಲಿ ಬಿದ್ದಾಗ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಿಲ್ ಸ್ವಿಚ್ ವಾಪಸ್ ಹಾಕಿದ್ದೀರಾ ಎಂದೂ ನೋಡಿ, ಗಡಿಬಿಡಿಯಲ್ಲಿ ಅದು ಮರೆತುಹೋಗುತ್ತದೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಎಂಜಿನ್ ಒಳಗೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ತುಂಬಿಕೊಂಡಿರಬಹುದು. ಚೋಕ್ ಹಾಕದೆ, ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡಿದು ಸ್ಟಾರ್ಟ್ ಮಾಡಿ. ಎಂಜಿನ್ ಸ್ಟಾರ್ಟ್ ಆದ ತಕ್ಷಣ ಎಕ್ಸಲೇಟರ್ ಬಿಡಿ.

ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ನೀಲಿ ಬಿಳಿ ಹೊಗೆ ಬಂದರೆ ಅದು ಸೇರಬಾರದ ಕಡೆ ಸೇರಿದ ಆಯಿಲ್ ಉರಿಯುತ್ತಿರುವುದು. ನಿಲ್ಲದಿದ್ದರೆ ಏರ್ ಫಿಲ್ಟರ್ ಬಿಚ್ಚಿಸಿ ನೋಡಬೇಕು, ಆಯಿಲ್ ಅಲ್ಲಿಗೂ ಹೋಗಿರುತ್ತದೆ. ಆದರೆ ಸೆಲ್ಫ್ ಒತ್ತಿದಾಗ ಎಂಜಿನ್ ಟಕ್ಕೆಂದು ಅಲ್ಲೇ ನಿಂತುಬಿಟ್ಟರೆ ಮತ್ತೆ ಒತ್ತಬೇಡಿ. ಸಿಲಿಂಡರ್ ಒಳಗೆ ಆಯಿಲ್ಲೋ ಪೆಟ್ರೋಲೋ ಸೇರಿರಬಹುದು. ದ್ರವವನ್ನು ಪಿಸ್ಟನ್ ಅದುಮಲಾರದು, ಒತ್ತಾಯ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೆಕ್ಯಾನಿಕ್ ಬಂದು ಪ್ಲಗ್ ಬಿಚ್ಚಿ ಅದನ್ನು ಹೊರಗೆ ಹಾಕಲಿ.

6. ಓಡಿಸುವ ಮೊದಲು ನೋಡಲೇಬೇಕಾದದ್ದು

ಮೊದಲು ಎಕ್ಸಲೇಟರ್. ಬಲಕ್ಕೆ ಬಿದ್ದಾಗ ಹ್ಯಾಂಡಲ್ ತುದಿಯ ಪೆಟ್ಟಿಗೆ ಹಿಡಿ ಒಳಗೆ ಸರಿದು ಬಿಗಿಯಾಗಬಹುದು. ಎಂಜಿನ್ ಆಫ್ ಇರುವಾಗಲೇ ತಿರುಗಿಸಿ ಬಿಡಿ. ಚಟ್ಟನೆ ತಾನಾಗಿ ವಾಪಸ್ ಬರಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ಹೀಗೇ ನೋಡಿ. ಎಲ್ಲಾದರೂ ತಡೆದು ನಿಂತರೆ ಆ ಗಾಡಿ ಹತ್ತಲೇಬೇಡಿ.

ಆಮೇಲೆ ಬ್ರೇಕ್. ಲಿವರ್ ಒತ್ತಿದಾಗ ಗಟ್ಟಿಯಾಗಿ ಸಿಗಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಡಿಸ್ಕ್ ಬ್ರೇಕ್ ಲೈನಿಗೆ ಗಾಳಿ ಸೇರಿದೆ, ಏರ್ ತೆಗೆಸಬೇಕು. ಹಿಂದಿನ ಬ್ರೇಕ್ ಪೆಡಲ್ ಬಾಗಿ ಎಲ್ಲಾದರೂ ತಾಗುತ್ತಿದೆಯಾ, ಬ್ರೇಕ್ ಲೈಟ್ ಉರಿಯುತ್ತಿದೆಯಾ ನೋಡಿ. ಡಿಸ್ಕ್ ಮೇಲಾಗಲಿ ಟೈರ್ ಮೇಲಾಗಲಿ ಆಯಿಲ್ ಚೆಲ್ಲಿದ್ದರೆ ತೆಗೆಯದೆ ಹೊರಡಬೇಡಿ.

ಬಾಗಿದ ಲಿವರ್ ಬಗ್ಗೆ ಒಂದು ಮಾತು. ಅದನ್ನು ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡುವ ಅಭ್ಯಾಸ ತುಂಬಾ ಜನಕ್ಕಿದೆ. ಲಿವರ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಒಮ್ಮೆ ಬಾಗಿದ್ದನ್ನು ಮತ್ತೆ ಬಗ್ಗಿಸಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಮುಂದೆ ಜೋರಾಗಿ ಬ್ರೇಕ್ ಒತ್ತಿದ ದಿನ ಅದು ಕೈಗೆ ಬರುತ್ತದೆ. ಬದಲಾಯಿಸಿ. ತುದಿಯ ಗುಂಡು ಮಾತ್ರ ಮುರಿದಿದ್ದರೆ ಮೆಕ್ಯಾನಿಕ್ ಹತ್ತಿರದವರೆಗೆ ನಿಧಾನಕ್ಕೆ ಹೋಗಬಹುದು. ಕೆಲವು ಲಿವರ್‌ಗಳಲ್ಲಿ ಅಲ್ಲೇ ಮುರಿಯಲಿ ಎಂದು ಬೇಕೆಂದೇ ಒಂದು ಕಚ್ಚು ಕೊಟ್ಟಿರುತ್ತಾರೆ.

ಗಾಡಿಯ ಮೇಲೆ ಕುಳಿತು ಮುಂದಿನ ಚಕ್ರ ನೆಟ್ಟಗಿಟ್ಟು ನೋಡಿ. ಹ್ಯಾಂಡಲ್ ಒಂದು ಕಡೆಗೆ ತಿರುಗಿದಂತೆ ಕಾಣುತ್ತಿದೆಯಾ? ಏನೋ ದೊಡ್ಡದು ಬಾಗಿಹೋಯಿತು ಎಂದು ಎದೆ ಒಡೆದುಕೊಳ್ಳಬೇಡಿ. ಎಷ್ಟೋ ಸಲ ಮುಂದಿನ ಫೋರ್ಕ್ (ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ತನ್ನ ಕ್ಲಾಂಪ್‌ನಲ್ಲೇ ಸ್ವಲ್ಪ ತಿರುಗಿರುತ್ತದೆ ಅಷ್ಟೆ. ಬೋಲ್ಟ್ ಸಡಿಲಿಸಿ, ಸರಿಮಾಡಿ, ಮತ್ತೆ ಸರಿಯಾದ ಬಿಗಿಗೆ ಕೂರಿಸಿದರೆ ಮುಗಿಯಿತು. ತಿಳಿದವರ ಕೈಯಲ್ಲೇ ಮಾಡಿಸಿ.

ಎಡಕ್ಕೆ ಬಿದ್ದಿದ್ದರೆ ಗೇರ್ ಲಿವರ್ ಒಳಕ್ಕೆ ಬಾಗಿ ಎಂಜಿನ್‌ಗೆ ತಾಗಿರಬಹುದು. ಫುಟ್‌ರೆಸ್ಟ್, ಕನ್ನಡಿ, ಇಂಡಿಕೇಟರ್ ಕಣ್ಣಿಗೇ ಕಾಣುತ್ತವೆ. ಕಾಣದಿರುವುದು ಎಂಜಿನ್ ಕವರ್‌ನ ಸಣ್ಣ ಬಿರುಕು. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಆಯಿಲ್ ಸೋರುತ್ತಿದ್ದರೆ ಬೆಳಿಗ್ಗೆ ಅದರ ಮೇಲೆ ಕಲೆ ಇರುತ್ತದೆ.

7. ಮತ್ತೆ ಬೀಳದಿರಲು

ಗಾಡಿ ತಳ್ಳುವಾಗ ಎಡಗಡೆ ನಿಂತು, ಗಾಡಿಯನ್ನು ಸ್ವಲ್ಪ ನಿಮ್ಮ ಕಡೆಗೇ ವಾಲಿಸಿ ಸೊಂಟಕ್ಕೆ ಆನಿಸಿಕೊಳ್ಳಿ. ಆಚೆ ಬದಿಗೆ ವಾಲಿದರೆ ಹಿಡಿಯಲು ಆಗುವುದಿಲ್ಲ. ಮುಂದಿನ ಬ್ರೇಕ್ ಮೇಲೆ ಎರಡು ಬೆರಳಿರಲಿ. ಆದರೆ ಹ್ಯಾಂಡಲ್ ತಿರುಗಿರುವಾಗ ಗಕ್ಕನೆ ಒತ್ತಬೇಡಿ. ಗ್ಯಾರೇಜ್‌ನಲ್ಲಿ ಗಾಡಿ ಕೆಡವುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಇಳಿಜಾರಿನಲ್ಲಿ ಇಳಿಸುವಾಗ ಎಂಜಿನ್ ಆಫ್ ಇಟ್ಟು ಒಂದನೇ ಗೇರ್‌ಗೆ ಹಾಕಿ, ಕ್ಲಚ್ ಒತ್ತಿಕೊಂಡು ತಳ್ಳಿ. ನಿಲ್ಲಿಸಬೇಕೆಂದಾಗ ಕ್ಲಚ್ ಮೆಲ್ಲಗೆ ಬಿಟ್ಟರೆ ಹಿಂದಿನ ಚಕ್ರ ತಡೆಯುತ್ತದೆ.

ನಿಲ್ಲಿಸುವಾಗ ಗಾಡಿಯ ಮುಖ ಏರಿನ ಕಡೆಗಿರಲಿ, ಒಂದನೇ ಗೇರ್‌ನಲ್ಲಿರಲಿ. ಮುಖ ಇಳಿಜಾರಿಗಿದ್ದರೆ ಗಾಡಿ ಮುಂದಕ್ಕೆ ಉರುಳಿ ಸೈಡ್ ಸ್ಟ್ಯಾಂಡ್ ಹಿಂದಕ್ಕೆ ಮಡಚಿಕೊಳ್ಳುತ್ತದೆ. ನೆಲ ಬಲಕ್ಕೆ ಇಳಿಜಾರಿದ್ದರೆ ಗಾಡಿ ತೀರಾ ನೆಟ್ಟಗೆ ನಿಲ್ಲುತ್ತದೆ, ಕವರ್ ಎಳೆದರೂ ಸಾಕು ಆಚೆಗೆ ಮಗುಚುತ್ತದೆ. ಮಣ್ಣಿನ ನೆಲವಾದರೆ ಸ್ಟ್ಯಾಂಡ್ ಕೆಳಗೆ ಗಟ್ಟಿ ಹಲಗೆ ಇಡಿ.

ಡಬಲ್ ಸ್ಟ್ಯಾಂಡ್ ಹಾಕುವಾಗ ತೋಳಿನಿಂದ ಎಳೆಯಬೇಡಿ. ಸ್ಟ್ಯಾಂಡನ್ನು ಕಾಲಿನಿಂದ ಕೆಳಗಿಳಿಸಿ, ಅದರ ಎರಡೂ ಕಾಲು ನೆಲಕ್ಕೆ ತಾಗಿವೆ ಎಂದು ಖಾತ್ರಿ ಮಾಡಿಕೊಂಡು, ಮೈಭಾರವನ್ನೆಲ್ಲ ಪೆಡಲ್ ಮೇಲೆ ಬಿಡಿ. ಗಾಡಿ ತಾನಾಗಿ ಮೇಲೇರುತ್ತದೆ. ಸೈಡ್ ಸ್ಟ್ಯಾಂಡ್‌ನ ಸ್ಪ್ರಿಂಗ್ ಜೋತುಬಿದ್ದಿದ್ದರೆ, ಬೋಲ್ಟ್ ಸವೆದು ಸ್ಟ್ಯಾಂಡ್ ಅಲ್ಲಾಡುತ್ತಿದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯದೆ ಈ ವಾರವೇ ಬದಲಾಯಿಸಿ.